ಮನೆಯಲ್ಲೇ ಮೊದಲ ಗೇಮಿಂಗ್ ಪಿಸಿ ಜೋಡಿಸಬೇಕು, ಈ ಪಾರ್ಟ್ಸ್ ಪಟ್ಟಿ ನೋಡಿ ಹೇಳಿ (ದಾವಣಗೆರೆ, ಬಜೆಟ್ 75 ಸಾವಿರ)

ನಿಟುವಳ್ಳಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಬಿ.ಕಾಂ ಎರಡನೇ ವರ್ಷ. ಅಪ್ಪ ಕೊನೆಗೂ ಒಪ್ಪಿದ್ದಾರೆ. 75 ಸಾವಿರ ಕೊಡುತ್ತಾರಂತೆ, ಅದರಲ್ಲೇ ಮಾನಿಟರ್ ಕೂಡ ಬರಬೇಕು. ಕೀಬೋರ್ಡ್, ಮೌಸ್ ಇವೆ. ಜಾಸ್ತಿ ಆಡುವುದು ವ್ಯಾಲರಂಟ್ ಮತ್ತು ಜಿಟಿಎ 5. ಸೈಬರ್‌ಪಂಕ್ 2077 ಆಡಬೇಕು ಅಂತ ತುಂಬಾ ದಿನದ ಆಸೆ. ತಂಗಿ ಕಾಲೇಜಿನ ಕೆಲಸಕ್ಕೆ ಸ್ವಲ್ಪ ವಿಡಿಯೋ ಎಡಿಟಿಂಗ್ ಮಾಡುತ್ತಾಳೆ.

ಇಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. "ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಲೈಟ್ ಇರೋ ಕ್ಯಾಬಿನೆಟ್, ಎಲ್ಲಾ ಸೇರಿ 35 ಸಾವಿರಕ್ಕೆ ಕೊಡ್ತೀವಿ" ಅಂದರು. ಅಪ್ಪನಿಗೆ ಅದೇ ಚೆನ್ನಾಗಿದೆ ಅನ್ನಿಸಿದೆ. ನನಗೆ ಸ್ವಂತ ಜೋಡಿಸಬೇಕು ಅಂತ ಆಸೆ. ನಾನು ಮಾಡಿಕೊಂಡ ಪಟ್ಟಿ ಇದು: ರೈಜನ್ 7 5700 ಪ್ರೊಸೆಸರ್, ಎ520 ಮದರ್‌ಬೋರ್ಡ್, 16 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಸ್ಟಿಕ್, ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, 240 ಎಂಎಂ ಲಿಕ್ವಿಡ್ ಕೂಲರ್, ಕ್ಯಾಬಿನೆಟ್ ಜೊತೆಗೇ ಬರುವ 500 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬ), 75 ಹರ್ಟ್ಸ್ ಮಾನಿಟರ್. ಏನು ಬದಲಾಯಿಸಬೇಕು ಹೇಳಿ.

ಕೋಟೆ_ರಿಪೇರಿ:
ತಮ್ಮಾ, ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ ನನ್ನದು. ಮೊದಲು ಆ 35 ಸಾವಿರದ ಮಾತು ಮುಗಿಸಿಬಿಡೋಣ. ಬರೀ "ಐ7" ಅಂದರೆ ಏನೂ ಹೇಳಿದ ಹಾಗೆ ಆಗಲಿಲ್ಲ. ಅದರ ಮುಂದೆ ಇರುವ ನಂಬರ್ ಕೇಳು. ಈ ಬೆಲೆಗೆ ಕೊಡುವವರ ಹತ್ತಿರ ಸಾಮಾನ್ಯವಾಗಿ ಇರುವುದು ಐ7 3770 ಅಥವಾ ಅದರ ಆಚೀಚಿನದು. ಅದು 2012ರಲ್ಲಿ ಬಂದ ಪ್ರೊಸೆಸರ್. ಆಫೀಸುಗಳಿಂದ ಹೊರಗೆ ಬಿದ್ದ ಹಳೇ ಮಷೀನ್‌ಗಳಿಂದ ತೆಗೆದು, ಹೊಸ ಚೀನಾ ಬೋರ್ಡ್‌ಗೆ ಹಾಕಿ ಮಾರುತ್ತಾರೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಅದರ ಮೇಲಿನದು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾದರೆ ಆ ಮಷೀನ್ ಮೇಲೆ ಏನು ಹಾಕುತ್ತೀಯ? ನಾಲ್ಕು ಕೋರ್‌ನ ಐ3 12100 ಸಾಕು, ಆ ಹಳೇ ಐ7ನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಅಪ್ಪನಿಗೆ ಇದನ್ನು ಹೀಗೇ ಹೇಳು. ಹೊಸ ಬಣ್ಣ ಹೊಡೆದ ಹಳೇ ಗಾಡಿ ಅಂದರೆ ಅವರಿಗೆ ತಕ್ಷಣ ಅರ್ಥ ಆಗುತ್ತದೆ.

ಇನ್ನು ನಿನ್ನ ಪಟ್ಟಿ. ಉಳಿದದ್ದನ್ನು ಬೇರೆಯವರು ಹೇಳುತ್ತಾರೆ, ನಾನು ಒಂದೇ ಒಂದರ ಮೇಲೆ ನಿಲ್ಲುತ್ತೇನೆ: ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಬರುವುದನ್ನು ದಯವಿಟ್ಟು ಹಾಕಬೇಡ. ಈಗ ಇದನ್ನು ಟೈಪ್ ಮಾಡುವಾಗ ನನ್ನ ಟೇಬಲ್ ಮೇಲೆ ಅಂಥದ್ದೇ ಒಂದು ಇದೆ. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಅಂತ ಇದೆ. ಪಕ್ಕದ ಸ್ಟಿಕ್ಕರ್‌ನಲ್ಲಿ ಡಿಸಿ ಔಟ್‌ಪುಟ್ ಅನ್ನುವ ಸಾಲಿದೆ. ಅದರಲ್ಲಿ +12 ವೋಲ್ಟ್ ಕೆಳಗೆ ಬರೆದಿರುವುದು 16 ಆಂಪಿಯರ್. 12ನ್ನು 16ರಿಂದ ಗುಣಿಸು, 192 ವ್ಯಾಟ್ ಆಯಿತು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಇದೇ 12 ವೋಲ್ಟ್ ಲೈನಿನಿಂದ. ಮಿಕ್ಕ ವ್ಯಾಟ್ ಎಲ್ಲಾ ನಿನಗೆ ಬೇಡವಾದ 5 ವೋಲ್ಟ್, 3.3 ವೋಲ್ಟ್ ಲೆಕ್ಕದಲ್ಲಿ ಇರುತ್ತದೆ, ಅಥವಾ ಬರೀ ಸ್ಟಿಕ್ಕರ್ ಮೇಲೆ ಇರುತ್ತದೆ.

ರೈಜನ್ 5 5600 ಪೂರ್ತಿ ಓಡುವಾಗ 76 ವ್ಯಾಟ್ ತನಕ ಎಳೆಯುತ್ತದೆ. ಆರ್‌ಎಕ್ಸ್ 6600 ಕಾರ್ಡ್ 132 ವ್ಯಾಟ್. ಎರಡೂ ಸೇರಿ 208. ಅಲ್ಲಿಗೆ ಈ "500 ವ್ಯಾಟ್" ಡಬ್ಬ ಮುಗಿಯಿತು. ಒಳ್ಳೆಯ ಕಂಪನಿಯ 550 ವ್ಯಾಟ್‌ದು ತೆಗೆದು ನೋಡು, 12 ವೋಲ್ಟ್ ಒಂದರಲ್ಲೇ 40 ಆಂಪಿಯರ್ ದಾಟಿರುತ್ತದೆ. ಅಂಗಡಿಗೆ ಹೋದಾಗ ಈ ಒಂದು ಸಾಲು ಓದು, ಸಾಕು.

ಲೆಕ್ಕದ_ಮೇಷ್ಟ್ರು:
ಕೋಟೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಬರೆದಿರುವುದು ಕರೆಂಟ್ ಎಷ್ಟು ಶಾಖವಾಗಿ ವ್ಯರ್ಥ ಆಗುತ್ತದೆ ಅನ್ನುವುದರ ಅಳತೆ. ಒಳಗಿನ ಕೆಪಾಸಿಟರ್ ಒಳ್ಳೆಯದಾ, ವೋಲ್ಟೇಜ್ ಏರಿದಾಗ ಅದು ತಾನೇ ಆಫ್ ಆಗುತ್ತದಾ ಅನ್ನುವುದಕ್ಕೆ ಅದು ಗ್ಯಾರಂಟಿ ಅಲ್ಲ. ಬ್ರಾಂಜ್ ಇರಲಿ, ಜೊತೆಗೆ 5 ವರ್ಷ ವಾರಂಟಿಯೂ ಇರಲಿ. ಕಂಪನಿಯವರು 5 ವರ್ಷ ವಾರಂಟಿ ಕೊಡುತ್ತಾರೆ ಅಂದರೆ ಅವರಿಗೂ ಅದರ ಮೇಲೆ ಸ್ವಲ್ಪ ನಂಬಿಕೆ ಇದೆ ಅಂತ.

ಈಗ ಪ್ರೊಸೆಸರ್. ರೈಜನ್ 7 5700 ಅನ್ನುವ ಹೆಸರು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. 7 ಇದೆ, 5700 ಇದೆ, ಎಂಟು ಕೋರ್ ಇದೆ, ಹಾಗಾಗಿ 5600ಗಿಂತ ಜೋರು ಅನ್ನಿಸುತ್ತದೆ. ಆದರೆ ಅದು ಒಳಗೆ ಬೇರೆ ಚಿಪ್. 5700ಜಿ ಅಂತ ಗ್ರಾಫಿಕ್ಸ್ ಸಮೇತ ಬರುವ ಪ್ರೊಸೆಸರ್ ಇದೆಯಲ್ಲ, ಅದರ ಗ್ರಾಫಿಕ್ಸ್ ಆಫ್ ಮಾಡಿ ಬಿಟ್ಟದ್ದು ಇದು. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಚಿಕ್ಕ ಮೆಮೊರಿ) 16 ಎಂಬಿ ಮಾತ್ರ. 5600ರಲ್ಲಿ 32 ಎಂಬಿ ಇದೆ. ಗೇಮ್‌ಗಳಿಗೆ ಈ ಕ್ಯಾಶ್ ತುಂಬಾ ಮುಖ್ಯ. ಇನ್ನೊಂದು ವಿಷಯ, 5700 ಪಿಸಿಐಇ (ಪ್ರೊಸೆಸರ್ ಮತ್ತು ಕಾರ್ಡ್ ನಡುವಿನ ದಾರಿ) 3.0ಕ್ಕೇ ನಿಲ್ಲುತ್ತದೆ, 5600ರಲ್ಲಿ 4.0 ಇದೆ. ನೀವು ಹಾಕಿರುವ ಎ520 ಬೋರ್ಡ್ ಕೂಡ 3.0.

ಇದು ಯಾಕೆ ಬೇಕು ಅಂತೀರಾ? ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, 5060 ತರಹದ ಕಾರ್ಡ್‌ಗಳು 16 ಲೇನ್ ಜಾಗದಲ್ಲಿ 8 ಲೇನ್ ಮಾತ್ರ ಬಳಸುತ್ತವೆ. ದಾರಿ ಅರ್ಧ ಅಗಲ. ಆ ಅರ್ಧ ದಾರಿಯ ವೇಗವೂ ಅರ್ಧ ಆದರೆ, ಕಾರ್ಡ್‌ನ ಸ್ವಂತ 8 ಜಿಬಿ ಮೆಮೊರಿ ತುಂಬಿದ ಕೂಡಲೇ ಗೇಮ್ ಮಧ್ಯೆ ಮಧ್ಯೆ ತಡವರಿಸುತ್ತದೆ. ಆದ್ದರಿಂದ 5600 ಮತ್ತು 4.0 ಇರುವ ಬಿ550 ಬೋರ್ಡ್. ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ವಿದ್ಯಾನಗರ_ಅಕ್ಕ:
ಲಿಕ್ವಿಡ್ ಕೂಲರ್ ತೆಗೆದುಹಾಕು ತಮ್ಮಾ. 5600 ಬಾಕ್ಸ್ ಜೊತೆಗೆ ಕೂಲರ್ ಬರುತ್ತದೆ, ಅದಕ್ಕೆ ಪೇಸ್ಟ್ ಮೊದಲೇ ಹಚ್ಚಿರುತ್ತಾರೆ. 65 ವ್ಯಾಟ್ ಪ್ರೊಸೆಸರ್‌ಗೆ ಅದು ಸಾಕು. ಸದ್ದು ಜಾಸ್ತಿ ಅನ್ನಿಸಿದರೆ ಮುಂದೆ ಒಂದು ಸಾದಾ ಟವರ್ ಕೂಲರ್ ಹಾಕಿಕೋ. ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಕೊಡು. ಗೇಮಿಂಗ್ ಪಿಸಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಅದಕ್ಕೇ ಹೋಗಬೇಕು. ನಾನಾದರೆ ಮಾನಿಟರ್ ಬಿಟ್ಟು ಉಳಿದ ದುಡ್ಡಲ್ಲಿ ಮೂರನೇ ಒಂದು ಭಾಗ ಅದಕ್ಕೇ ಎತ್ತಿಡುತ್ತೇನೆ.

3050 6 ಜಿಬಿ ಅನ್ನುವುದು ಹಳೇ 3050 8 ಜಿಬಿಗಿಂತಲೂ ನಿಧಾನ. ಬರೀ 70 ವ್ಯಾಟ್ ಕಾರ್ಡ್, ಬೇರೆ ಪವರ್ ಕೇಬಲ್ ಬೇಡ. ಹಳೇ ಆಫೀಸ್ ಕಂಪ್ಯೂಟರ್‌ಗೆ ಹಾಕಲು ಅದು ಒಳ್ಳೆಯದು. ಹೊಸದಾಗಿ ಎಲ್ಲಾ ಜೋಡಿಸುವವರು ಅದನ್ನು ತಗೊಳ್ಳಬಾರದು. ಆರ್‌ಎಕ್ಸ್ 6600 ಅದಕ್ಕಿಂತ ತುಂಬಾ ಮುಂದೆ.

ಹರಿಹರ_ಗೇಮರ್:
ಎಲ್ಲರೂ ಎಎಂ4 (5600 ಕೂರುವ ಸಾಕೆಟ್), ಡಿಡಿಆರ್4 ಅಂತಿದ್ದೀರಿ. ಹೊಸದಾಗಿ ತಗೊಳ್ಳುವ ಹುಡುಗನಿಗೆ ಹಳೇ ಸಾಕೆಟ್ ಯಾಕೆ ಕಟ್ಟುತ್ತೀರಿ? ರೈಜನ್ ಮಾಡುವ ಎಎಂಡಿಯವರು ಹೊಸ ಎಎಂ5 ಸಾಕೆಟ್‌ಗೆ 2027ರ ತನಕ ಮತ್ತು ಅದರ ಆಚೆಗೂ ಬೆಂಬಲ ಇದೆ ಅಂದಿದ್ದಾರೆ. ಈಗ ರೈಜನ್ 5 7600 ಹಾಕಿದರೆ ಮುಂದೆ ಬರೀ ಪ್ರೊಸೆಸರ್ ಬದಲಾಯಿಸಿದರೆ ಆಯಿತು. ಎಎಂ4ಗೆ ಮುಂದಿನ ಜನರೇಷನ್ ಪ್ರೊಸೆಸರ್ ಬರುವುದಿಲ್ಲ. ಇನ್ನೊಂದು, 7600ರ ಒಳಗೇ ಚಿಕ್ಕ ಗ್ರಾಫಿಕ್ಸ್ ಇದೆ. ಕಾರ್ಡ್ ವಾರಂಟಿಗೆ ಹೋದರೂ ಸ್ಕ್ರೀನ್ ಬರುತ್ತದೆ. 5600ರಲ್ಲಿ ಅದೂ ಇಲ್ಲ.

ಲೆಕ್ಕದ_ಮೇಷ್ಟ್ರು:
ಮಾತು ಸರಿ, ಕಾಲ ಸರಿ ಇಲ್ಲ. ಎಎಂ5ಗೆ ಹೊಸ ರೀತಿಯ ರ‍್ಯಾಮ್ ಡಿಡಿಆರ್5 ಬೇಕೇ ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಎಲ್ಲಿಗೆ ಹೋಗಿದೆ ನೋಡಿದ್ದೀರಲ್ಲ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಬೇಡಿಕೆ ಏರಿ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ಜಾಸ್ತಿ ಲಾಭ ಇರುವ ಸರ್ವರ್ ಮೆಮೊರಿ ಕಡೆ ತಿರುಗಿದರು. ಮೈಕ್ರಾನ್ ಅಂತೂ ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುವುದನ್ನೇ ನಿಲ್ಲಿಸುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ಡಿಡಿಆರ್4 ಬೆಲೆಯೂ ಏರಿದೆ. ಆದರೆ ಪರಿಚಯದವರ ಹತ್ತಿರ ಹಳೇ ಡಿಡಿಆರ್4 ಸ್ಟಿಕ್ ಸಿಗುವ ಸಾಧ್ಯತೆ ಇದೆ, ಡಿಡಿಆರ್5 ಹಾಗೆ ಸಿಗುವುದಿಲ್ಲ. ಈ 75 ಸಾವಿರದಲ್ಲಿ ಎಎಂ5ಗೆ ಹೋದರೆ ಗ್ರಾಫಿಕ್ಸ್ ಕಾರ್ಡ್ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಅವನು ಇವತ್ತು ಆಡುವ ಗೇಮ್‌ಗೆ ಅದು ನಷ್ಟ.

ಇದೇ ಕಾರಣಕ್ಕೆ ನಾನು ಇಲ್ಲಿ ಯಾವುದರ ಬೆಲೆಯನ್ನೂ ಬರೆಯುತ್ತಿಲ್ಲ. ಇವತ್ತು ಬರೆದದ್ದು ಮುಂದಿನ ವಾರ ಸುಳ್ಳಾಗುತ್ತದೆ. ತಗೊಳ್ಳುವ ದಿನ ಕೇಳಿ.

ಹರಿಹರ_ಗೇಮರ್:
ಮೇಷ್ಟ್ರೇ, ನಾನು ಒಪ್ಪುವುದಿಲ್ಲ. ಬಜೆಟ್ ಇನ್ನೊಂದು 15 ಸಾವಿರ ಏರಿಸಲು ಆಗುತ್ತದಾ ಅಂತ ಅಪ್ಪನ ಹತ್ತಿರ ಒಮ್ಮೆ ಕೇಳಲಿ. ಆಗದಿದ್ದರೆ ನೀವು ಹೇಳಿದ್ದೇ ಸರಿ.

ನಿಟುವಳ್ಳಿ_ಹುಡುಗ:
ಏರಿಸಲು ಆಗುವುದಿಲ್ಲ ಅಣ್ಣ. ಈ 75 ಕೂಡ ಅಪ್ಪ ಚೀಟಿ ಎತ್ತಿ ಕೊಡುತ್ತಿರುವುದು. ಹಾಗಾದರೆ 5600 ಮತ್ತು ಬಿ550 ಅಂತ ಇಟ್ಟುಕೊಳ್ಳುತ್ತೇನೆ. ಕಾರ್ಡ್ ವಿಷಯಕ್ಕೆ, ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಇದೆಯಲ್ಲ, ಅದು ಒಳ್ಳೆಯದಲ್ವಾ? 8 ಜಿಬಿ ಸಾಲುವುದಿಲ್ಲ ಅಂತ ಎಲ್ಲಾ ಕಡೆ ಹೇಳುತ್ತಾರೆ. ಮತ್ತೆ 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್ ತಗೊಂಡರೆ ಮುಂದೆ ಇನ್ನೊಂದು ಸೇರಿಸಬಹುದು ಅಂತ ಅಂದುಕೊಂಡಿದ್ದೆ.

ವಿದ್ಯಾನಗರ_ಅಕ್ಕ:
ಬಿ580 ಒಳ್ಳೆಯ ಕಾರ್ಡ್, ಆದರೆ ನಿನ್ನ ಪ್ರೊಸೆಸರ್‌ಗೆ ಜೋಡಿ ಅಲ್ಲ. 5600 ತರಹದ ಸ್ವಲ್ಪ ಹಳೇ ಪ್ರೊಸೆಸರ್ ಜೊತೆ ಹಾಕಿದರೆ ಕೆಲವು ಗೇಮ್‌ಗಳಲ್ಲಿ ಅದು ತನ್ನ ಪೂರ್ತಿ ವೇಗ ಕೊಡುವುದಿಲ್ಲ. ಅದರ ಡ್ರೈವರ್ ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುತ್ತದೆ. ವ್ಯಾಲರಂಟ್ ಮೊದಲೇ ಪ್ರೊಸೆಸರ್ ಮೇಲೆ ನಿಂತ ಗೇಮ್.

8 ಜಿಬಿ ಬಗ್ಗೆ ಭಯ ಬೇಡ. 1080ಪಿ ಅಂದರೆ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ ಆಡುವವನು ನೀನು. ಹೊಸ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್‌ಚರ್ ಸೆಟ್ಟಿಂಗ್ ಅಲ್ಟ್ರಾದಿಂದ ಹೈಗೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ತಂಗಿಯ ಎಡಿಟಿಂಗ್‌ಗೆ ಎನ್‌ವಿಡಿಯಾ ಕಾರ್ಡ್ ಆದರೆ ಸ್ವಲ್ಪ ಅನುಕೂಲ, ಎಡಿಟಿಂಗ್ ಸಾಫ್ಟ್‌ವೇರ್‌ಗಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಆರ್‌ಟಿಎಕ್ಸ್ 4060 ಅಥವಾ 5060 ಬಜೆಟ್‌ಗೆ ಬಂದರೆ ಕಣ್ಣು ಮುಚ್ಚಿ ತಗೋ. ಬರದಿದ್ದರೆ 6600. ಇದರಲ್ಲಿ ಯಾವುದು ತಗೊಂಡರೂ ನಿನಗೆ ಬೇಸರ ಆಗುವುದಿಲ್ಲ.

ರ‍್ಯಾಮ್ ಮಾತ್ರ 8+8, ಎರಡು ಸ್ಟಿಕ್. ಒಂದೇ ಸ್ಟಿಕ್ ಅಂದರೆ ಪ್ರೊಸೆಸರ್ ಮತ್ತು ಮೆಮೊರಿ ಮಧ್ಯೆ ಒಂದೇ ಚಾನೆಲ್. ವ್ಯಾಲರಂಟ್‌ನಲ್ಲಿ ಫ್ರೇಮ್ ಇಳಿಯುವುದು ನಿನಗೇ ಕಾಣುತ್ತದೆ. ಡಿಡಿಆರ್4 3200 ಸಾಕು. ನಾಲ್ಕು ಸ್ಲಾಟ್ ಇರುವ ಬೋರ್ಡ್ ತಗೊಂಡರೆ ಮುಂದೆ ಸೇರಿಸಲೂ ಜಾಗ ಇರುತ್ತದೆ.

ಜೋಗಿಮಟ್ಟಿ_ಗಾಳಿ:
ಯಾರೂ ಕ್ಯಾಬಿನೆಟ್ ಬಗ್ಗೆ ಮಾತಾಡಲಿಲ್ಲ. ನಮ್ಮ ಕಡೆಯವರು ಅದರ ಬಗ್ಗೆ ಮೊದಲು ಯೋಚಿಸಬೇಕು. ಅಂತರ್ಜಾಲದಲ್ಲಿ ನೋಡುವ ವಿಡಿಯೋಗಳೆಲ್ಲ ಎಸಿ ರೂಮಿನಲ್ಲಿ ತೆಗೆದವು. ಏಪ್ರಿಲ್, ಮೇನಲ್ಲಿ ಆರ್‌ಸಿಸಿ ಮನೆಯ ಮಹಡಿ ರೂಮು ಮಧ್ಯಾಹ್ನ ಎಷ್ಟು ಕಾಯುತ್ತದೆ ನಿಮಗೇ ಗೊತ್ತು. ರೂಮಿನ ಶಾಖ 10 ಡಿಗ್ರಿ ಏರಿದರೆ ಒಳಗಿನ ಪ್ರೊಸೆಸರ್, ಕಾರ್ಡ್ ಶಾಖವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 5600ಗೆ 90 ಡಿಗ್ರಿ ಮಿತಿ. ಅದರ ಹತ್ತಿರ ಹೋದಂತೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಸುಟ್ಟುಹೋಗುವುದಿಲ್ಲ, ಗೇಮ್ ನಿಧಾನ ಆಗುತ್ತದೆ.

ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ಬೇಡ. ಮುಂದೆ ಜಾಲರಿ ಇರಲಿ. ಮುಂದಿನಿಂದ ಗಾಳಿ ಎಳೆಯುವ ಫ್ಯಾನ್ ಎರಡು, ಹಿಂದಿನಿಂದ ಹೊರಗೆ ತಳ್ಳುವುದು ಒಂದು. ಒಳಗೆ ಎಳೆಯುವ ಗಾಳಿ ಜಾಸ್ತಿ ಇದ್ದರೆ ಧೂಳು ಸಂದುಗಳಿಂದ ನುಗ್ಗದೆ ಫಿಲ್ಟರ್ ಮೂಲಕವೇ ಬರುತ್ತದೆ. ಆ ಫಿಲ್ಟರ್ ಕೈಯಲ್ಲಿ ಎಳೆದು ತೆಗೆಯುವ ಹಾಗೆ ಇರಬೇಕು. ನಮ್ಮ ದುರ್ಗದಲ್ಲಿ ಗಾಳಿ ಜಾಸ್ತಿ, ಗುಡ್ಡದ ಮೇಲೆಲ್ಲಾ ಗಾಳಿ ಯಂತ್ರ ನೆಟ್ಟಿದ್ದಾರೆ ಅಂದಮೇಲೆ ಹೇಳುವುದೇನು. ಬೇಸಿಗೆಯಲ್ಲಿ ಆ ಗಾಳಿ ಜೊತೆ ಬರುವ ಕೆಂಧೂಳು ಫಿಲ್ಟರ್ ಮೇಲೆ ಹಾಸಿಕೊಂಡಿರುತ್ತದೆ.

ಕೋಟೆ_ರಿಪೇರಿ:
ದಾವಣಗೆರೆಯಲ್ಲಿ ಧೂಳಿನ ಜೊತೆ ಇನ್ನೊಂದು ಇದೆ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುವ ಮಷೀನ್ ಬಿಚ್ಚಿದರೆ ಬರೀ ಧೂಳಲ್ಲ, ಮಸಿ ಇರುತ್ತದೆ. ಹೀಟ್‌ಸಿಂಕ್ ರೆಕ್ಕೆಗಳ ಮಧ್ಯೆ ಕಪ್ಪಗೆ ಅಂಟಿಕೊಂಡಿರುತ್ತದೆ. ಬ್ಲೋಯರ್ ಹಿಡಿದರೂ ಹಾರುವುದಿಲ್ಲ. ಒಣ ಪೇಂಟ್ ಬ್ರಷ್‌ನಲ್ಲಿ ರೆಕ್ಕೆ ರೆಕ್ಕೆಗೂ ಉಜ್ಜಬೇಕು. ಆ ಭಾಗದವರು ಕಿಟಕಿ ಪಕ್ಕ, ನೆಲದ ಮೇಲೆ ಕ್ಯಾಬಿನೆಟ್ ಇಡಬಾರದು. ಟೇಬಲ್ ಮೇಲೆ ಇಟ್ಟು ಆಗಾಗ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬ್ಲೋಯರ್ ಹೊಡೆಯುವಾಗ ಪ್ಲಗ್ ಕಿತ್ತಿರಬೇಕು, ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದಿರಬೇಕು. ಜೋರಾಗಿ ತಿರುಗಿಸಿದರೆ ಅದರ ಬೇರಿಂಗ್ ಹೋಗುತ್ತದೆ.

ನಿಟುವಳ್ಳಿ_ಹುಡುಗ:
ನಮ್ಮ ಮನೆ ಮಹಡಿ ಮೇಲೆಯೇ, ಪಡುವಣ ಕಿಟಕಿ. ಜಾಲರಿ ಕ್ಯಾಬಿನೆಟ್ಟೇ ನೋಡುತ್ತೇನೆ. ಕರೆಂಟ್ ಆಗಾಗ ಹೋಗಿ ಬರುತ್ತದೆ. ಯುಪಿಎಸ್ ತಗೊಳ್ಳಲೇಬೇಕಾ? ಮನೆಗೆ ಇನ್ವರ್ಟರ್ ಇದೆ.

ಕೋಟೆ_ರಿಪೇರಿ:
ತಗೋ. ಬಜೆಟ್‌ನಲ್ಲಿ ಈಗಲೇ ಆಗದಿದ್ದರೆ ಎರಡು ಮೂರು ತಿಂಗಳು ಬಿಟ್ಟಾದರೂ ತಗೋ. ಆದರೆ ಯುಪಿಎಸ್ ಮೇಲಿನ ವಿಎ ನಂಬರ್ ನೋಡಿ ಮೋಸ ಹೋಗಬೇಡ. 600 ವಿಎ ಅಂತ ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ನಿನ್ನ ಮಷೀನ್ ಗೇಮ್ ಆಡುವಾಗ ಮಾನಿಟರ್ ಸೇರಿ 300 ವ್ಯಾಟ್ ಹತ್ತಿರ ಬರುತ್ತದೆ. ಬ್ಯಾಟರಿ ಸ್ವಲ್ಪ ಹಳತಾದರೆ 600 ವಿಎದು ಕರೆಂಟ್ ಹೋದ ತಕ್ಷಣ ಕೈ ಬಿಡುತ್ತದೆ. 1000 ವಿಎ ಇರಲಿ. ಅದು ಗೇಮ್ ಮುಂದುವರಿಸಲು ಅಲ್ಲ. ಸೇವ್ ಮಾಡಿ ಆಫ್ ಮಾಡಲು ಐದು ನಿಮಿಷ ಸಿಕ್ಕರೆ ಸಾಕು.

ಇನ್ವರ್ಟರ್ ಆದರೆ ಅದು ಪ್ಯೂರ್ ಸೈನ್‌ವೇವ್ ಇದೆಯಾ ನೋಡು. ಹಳೇ ಸ್ಕ್ವೇರ್‌ವೇವ್ ಇನ್ವರ್ಟರ್‌ಗೆ ಗೇಮಿಂಗ್ ಪಿಸಿ ಹಾಕಬೇಡ. ಎಷ್ಟೋ ಇನ್ವರ್ಟರ್‌ಗಳು ಕರೆಂಟ್ ಹೋದಾಗ ಬದಲಾಗಲು ಜಾಸ್ತಿ ಹೊತ್ತು ತಗೊಳ್ಳುತ್ತವೆ, ಅಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರುತ್ತದೆ.

ಅದಕ್ಕಿಂತ ಮೊದಲು ಅರ್ಥಿಂಗ್ ನೋಡಿಸು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಕೇಳುವವರು ಕಡಿಮೆ. ಕಂಪ್ಯೂಟರ್ ಆನ್ ಇದ್ದಾಗ ಕ್ಯಾಬಿನೆಟ್‌ನ ಹಿಂದಿನ ತಗಡು ಮುಟ್ಟಿದರೆ ಜುಮ್ ಅನ್ನುತ್ತದಲ್ಲ, ಅದು "ಸ್ವಲ್ಪ ಕರೆಂಟ್ ಇರುತ್ತೆ ಬಿಡಿ" ಅಂತ ಬಿಡುವ ವಿಷಯ ಅಲ್ಲ. ಪ್ಲಗ್ಗಿನ ಮೂರನೇ ಪಿನ್‌ಗೆ ಅರ್ಥ್ ಸರಿಯಾಗಿ ಸಿಗುತ್ತಿಲ್ಲ ಅಂತ ಅರ್ಥ. ಹಳೇ ಮನೆಗಳಲ್ಲಿ ಪ್ಲಗ್ ಪಾಯಿಂಟ್‌ಗೆ ಮೂರು ತೂತು ಇರುತ್ತದೆ, ಒಳಗೆ ವೈರ್ ಎರಡೇ ಬಂದಿರುತ್ತದೆ. ಎಲೆಕ್ಟ್ರಿಷಿಯನ್ ಕರೆದು ನೋಡಿಸು. ಸ್ಪೈಕ್ ಗಾರ್ಡ್ ಹಾಕಿದರೂ ಅರ್ಥ್ ಇಲ್ಲದಿದ್ದರೆ ಅದು ಪೂರ್ತಿ ಕೆಲಸ ಮಾಡುವುದಿಲ್ಲ.

ಹೋದ ಮಳೆಗಾಲ ಒಂದು ಮಷೀನ್ ಬಂದಿತ್ತು. ಸಿಡಿಲು ಹೊಡೆದ ರಾತ್ರಿ ಹೋದದ್ದು. ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್, ಅರ್ಥ್ ಇಲ್ಲದ ಪಾಯಿಂಟ್. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಪರವಾಗಿರಲಿಲ್ಲ, ಬೋರ್ಡ್ ಮತ್ತು ಕಾರ್ಡ್ ಎರಡನ್ನೂ ಜೊತೆಗೆ ತಗೊಂಡು ಹೋಯಿತು. ಆ ಹುಡುಗ ಎರಡು ವರ್ಷ ಪಾರ್ಟ್ ಟೈಮ್ ದುಡಿದು ಕೂಡಿಟ್ಟು ಮಾಡಿಸಿದ್ದ. ಅದಕ್ಕೇ ಎಸ್‌ಎಂಪಿಎಸ್ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದು.

ಲೆಕ್ಕದ_ಮೇಷ್ಟ್ರು:
ಮಾನಿಟರ್ ಬಗ್ಗೆ ಚಿಕ್ಕದಾಗಿ. 24 ಇಂಚು, 1080ಪಿ, ಐಪಿಎಸ್, 144 ಹರ್ಟ್ಸ್ ಅಥವಾ ಜಾಸ್ತಿ. ನಿಮ್ಮ ಕಾರ್ಡ್ ವ್ಯಾಲರಂಟ್‌ನಲ್ಲಿ ಸೆಕೆಂಡಿಗೆ 200 ಫ್ರೇಮ್ ಕೊಟ್ಟರೂ 75 ಹರ್ಟ್ಸ್ ಮಾನಿಟರ್ ತೋರಿಸುವುದು 75 ಮಾತ್ರ. ತಂದ ಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 144 ಅಂತ ನೀವೇ ಆರಿಸಬೇಕು. ಸುಮಾರು ಜನ ಅದನ್ನು 60ರಲ್ಲೇ ಬಿಟ್ಟಿರುತ್ತಾರೆ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ (ವೇಗದ ರೀತಿಯದು) ಇರಲಿ, ಜಿಟಿಎ 5 ಒಂದೇ 100 ಜಿಬಿ ದಾಟುತ್ತದೆ. 500ರಲ್ಲಿ ತಂಗಿಯ ವಿಡಿಯೋಗೆ ಜಾಗ ಉಳಿಯುವುದಿಲ್ಲ.

ನಿಟುವಳ್ಳಿ_ಹುಡುಗ:
ಎಲ್ಲಿ ತಗೊಳ್ಳಲಿ? ಇಲ್ಲೇ ತಗೊಳ್ಳಲಾ, ಬೆಂಗಳೂರು ಎಸ್.ಪಿ. ರಸ್ತೆಗೆ ಹೋಗಲಾ, ಆನ್‌ಲೈನಾ? ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡರೆ ಒಂದು ಮೆಟ್ಟಿಲು ಮೇಲೆ ಹೋಗಬಹುದಾ?

ಹರಿಹರ_ಗೇಮರ್:
ಎಸ್.ಪಿ. ರಸ್ತೆಯಲ್ಲಿ ಬೆಲೆ ಕೇಳುವುದಕ್ಕೆ ಒಳ್ಳೆಯದು. ಒಂದೇ ಬೀದಿಯಲ್ಲಿ ಅಂಗಡಿ ಮೇಲೆ ಅಂಗಡಿ ಇವೆ, ಬೆಲೆ ಹೋಲಿಸಬಹುದು. ಬೆಳಿಗ್ಗೆ ರೈಲಿಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಆದರೆ ಮೊದಲು ಇಲ್ಲಿಯ ಅಂಗಡಿಯಲ್ಲೂ ಅದೇ ಪಟ್ಟಿ ಕೊಟ್ಟು ಕೇಳು. ವ್ಯತ್ಯಾಸ ಒಂದೆರಡು ಸಾವಿರ ಮಾತ್ರ ಇದ್ದರೆ ಇಲ್ಲೇ ತಗೋ. ಮದರ್‌ಬೋರ್ಡ್ ಮೊದಲ ವಾರದಲ್ಲೇ ಕೈ ಕೊಟ್ಟರೆ ಸೈಕಲ್ ಮೇಲೆ ಹೋಗಿ ಬದಲಾಯಿಸಿಕೊಂಡು ಬರಬಹುದು. ಅದಕ್ಕೋಸ್ಕರ ಮತ್ತೆ ಬೆಂಗಳೂರಿಗೆ ಓಡಾಡಿದರೆ ಉಳಿಸಿದ್ದು ಬಸ್ ಚಾರ್ಜಿಗೇ ಹೋಗುತ್ತದೆ.

ಎಲ್ಲೇ ತಗೊಂಡರೂ ಜಿಎಸ್‌ಟಿ ಬಿಲ್ ಬೇಕು. ಬಿಲ್‌ನಲ್ಲಿ ಕಾರ್ಡ್‌ನ ಸೀರಿಯಲ್ ನಂಬರ್ ಬರೆಸಿಕೋ. ಡಬ್ಬದ ಮೇಲಿನ ನಂಬರ್, ಕಾರ್ಡ್ ಹಿಂದಿನ ನಂಬರ್, ಬಿಲ್‌ನ ನಂಬರ್ ಮೂರೂ ಒಂದೇ ಇರಬೇಕು. ಡಬ್ಬ ಎಸೆಯಬೇಡ, ವಾರಂಟಿಗೆ ಕೊರಿಯರ್ ಮಾಡುವಾಗ ಅದೇ ಬೇಕು. ಆನ್‌ಲೈನ್ ಆದರೆ ಪಾರ್ಸೆಲ್‌ನ ಟೇಪ್ ಕತ್ತರಿಸುವ ಮೊದಲಿನಿಂದ ಪಾರ್ಟ್ ಹೊರಗೆ ಬರುವ ತನಕ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ ಮಾಡಿಕೋ.

ವಿದ್ಯಾನಗರ_ಅಕ್ಕ:
ಸೆಕೆಂಡ್ ಹ್ಯಾಂಡ್ ಕಾರ್ಡ್ ಮೊದಲ ಪಿಸಿಗೆ ಬೇಡ ಅಂತ ನನ್ನ ಅಭಿಪ್ರಾಯ. ಇಥಿರಿಯಮ್ ಅನ್ನುವ ಕ್ರಿಪ್ಟೋ ನಾಣ್ಯ 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿ ನಾಣ್ಯ ಗಳಿಸುವ ಮೈನಿಂಗ್ ಬಿಟ್ಟಿತು, ಆಮೇಲೆ ರಾತ್ರಿ ಹಗಲು ಓಡಿಸಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಅವು ಈಗಲೂ ಕೈ ಬದಲಾಗುತ್ತಿವೆ. ಎಲ್ಲವೂ ಕೆಟ್ಟವಲ್ಲ. ಆದರೆ ಅದನ್ನು ಪರೀಕ್ಷೆ ಮಾಡಲು ನಿನ್ನ ಹತ್ತಿರ ಇನ್ನೊಂದು ಮಷೀನ್ ಬೇಕು. ಪಿಸಿ ಆನ್ ಆಗದಿದ್ದರೆ ಕಾರ್ಡ್ ಕೆಟ್ಟಿದೆಯೋ, ಜೋಡಿಸಿದ್ದರಲ್ಲಿ ಏನೋ ಬಿಟ್ಟುಹೋಗಿದೆಯೋ ಗೊತ್ತಾಗದೆ ತಲೆ ಕೆಡುತ್ತದೆ. ಸೆಕೆಂಡ್ ಹ್ಯಾಂಡ್ ಬೇಕೇ ಬೇಕು ಅಂದರೆ ರ‍್ಯಾಮ್ ತಗೋ. ಅದು ಸುಲಭಕ್ಕೆ ಕೆಡುವುದಿಲ್ಲ.

ನಿಟುವಳ್ಳಿ_ಹುಡುಗ:
ಈಗ ಪಟ್ಟಿ ಹೀಗಾಯಿತು: ರೈಜನ್ 5 5600 ಬಾಕ್ಸ್ ಕೂಲರ್ ಸಮೇತ, ವೈಫೈ ಇರುವ ಬಿ550 ಬೋರ್ಡ್, 8+8 ಡಿಡಿಆರ್4 3200, ಆರ್‌ಎಕ್ಸ್ 6600, 1 ಟಿಬಿ ಎನ್‌ವಿಎಂಇ, ಒಳ್ಳೆಯ 550 ವ್ಯಾಟ್ ಬ್ರಾಂಜ್, ಜಾಲರಿ ಕ್ಯಾಬಿನೆಟ್, 24 ಇಂಚಿನ 144 ಹರ್ಟ್ಸ್ ಮಾನಿಟರ್. ಯುಪಿಎಸ್ ಆಮೇಲೆ. ಇಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ, ಬಜೆಟ್‌ಗೆ ಕೂರುತ್ತದೆ. ಅಪ್ಪನಿಗೆ ಹಳೇ ಐ7 ವಿಷಯ ಹೇಳಿದೆ. ಅವರೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಅರ್ಥಿಂಗ್ ನೋಡಲು ಕರೆದಿದ್ದಾರೆ. ಜೋಡಿಸುವಾಗ ಏನು ಗಮನ ಇಡಬೇಕು?

ಲೆಕ್ಕದ_ಮೇಷ್ಟ್ರು:
ಪಟ್ಟಿ ತುಂಬಾ ಚೆನ್ನಾಗಿದೆ. ಎಎಂ4 ಪ್ರೊಸೆಸರ್‌ನಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗೇ ಇರುತ್ತವೆ. ಅಂಚು ಹಿಡಿದು ಎತ್ತಿ. ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ತ್ರಿಕೋನ ಇದೆ, ಸಾಕೆಟ್ ಮೇಲೂ ಅದೇ ಗುರುತು ಇದೆ. ಎರಡೂ ಒಂದೇ ಕಡೆ ಬಂದರೆ ಪ್ರೊಸೆಸರ್ ತನ್ನ ಭಾರಕ್ಕೇ ಕೂರುತ್ತದೆ. ಒತ್ತಲೇಬಾರದು. ಕೂತಿಲ್ಲ ಅಂದರೆ ಎತ್ತಿ ಮತ್ತೆ ಇಡಿ.

ರ‍್ಯಾಮ್‌ನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ, ಟಕ್ ಅನ್ನುವ ತನಕ ಒತ್ತಿ. ಇಲ್ಲಿ ಒತ್ತಬೇಕು. ಬೋರ್ಡ್ ಡಬ್ಬದ ರಟ್ಟಿನ ಮೇಲೆ ಬೋರ್ಡ್ ಇಟ್ಟು, ಪ್ರೊಸೆಸರ್, ಕೂಲರ್, ರ‍್ಯಾಮ್, ಕಾರ್ಡ್ ಇಷ್ಟೇ ಹಾಕಿ, ಎಸ್‌ಎಂಪಿಎಸ್ ಕೇಬಲ್ ಜೋಡಿಸಿ ಒಮ್ಮೆ ಆನ್ ಮಾಡಿ ನೋಡಿ. ಸ್ಕ್ರೀನ್ ಬಂದಮೇಲೆ ಕ್ಯಾಬಿನೆಟ್‌ಗೆ ಹಾಕಿ. ಕೆಲಸ ಶುರು ಮಾಡುವ ಮೊದಲು ಕ್ಯಾಬಿನೆಟ್ ತಗಡನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿಯುತ್ತದೆ.

ಹರಿಹರ_ಗೇಮರ್:
ಮೇಲಿನ ಎಡ ಮೂಲೆಯ 8 ಪಿನ್ ಸಿಪಿಯು ಕೇಬಲ್ ಮರೆಯಬೇಡ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುವುದಿಲ್ಲ ಅಂತ ಹೇಳುವ ಅರ್ಧ ಜನ ಅದನ್ನೇ ಬಿಟ್ಟಿರುತ್ತಾರೆ. ಇನ್ನರ್ಧ ಜನ ಮಾನಿಟರ್ ಕೇಬಲ್‌ನ್ನು ಮದರ್‌ಬೋರ್ಡ್‌ಗೆ ಹಾಕಿರುತ್ತಾರೆ. 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕೇಬಲ್ ಕಾರ್ಡ್‌ಗೇ ಹಾಕಬೇಕು.

ನಿಟುವಳ್ಳಿ_ಹುಡುಗ:
ಕೊನೆಯದಾಗಿ ಒಂದು. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ (ಸುರಕ್ಷತೆಯ ಚಿಪ್), ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗಿನ ಸುರಕ್ಷತೆ) ಕೇಳುತ್ತದೆ ಅಂತ ಸ್ನೇಹಿತ ಹೇಳಿದ. ಬೇರೆ ಏನಾದರೂ ಪಾರ್ಟ್ ತಗೊಳ್ಳಬೇಕಾ?

ಕೋಟೆ_ರಿಪೇರಿ:
ಏನೂ ಬೇಡ. ನಿನ್ನ ಪ್ರೊಸೆಸರ್‌ನಲ್ಲೇ ಎಫ್‌ಟಿಪಿಎಂ ಅನ್ನುವ ಟಿಪಿಎಂ ಇದೆ. ಮೊದಲ ಸಲ ಆನ್ ಮಾಡಿದಾಗ ಡಿಲೀಟ್ ಕೀ ಒತ್ತಿ ಬಯೋಸ್ (ಬೋರ್ಡ್‌ನ ಸೆಟ್ಟಿಂಗ್) ಒಳಗೆ ಹೋಗು. ಅಲ್ಲಿ ನಾಲ್ಕು ಕೆಲಸ. ರ‍್ಯಾಮ್‌ಗೆ ಎಕ್ಸ್‌ಎಂಪಿ ಆನ್ ಮಾಡು, ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಕೆಲವು ಬೋರ್ಡ್‌ನಲ್ಲಿ ಅದಕ್ಕೆ ಡಿಒಸಿಪಿ ಅಂತ ಹೆಸರು. ಎಫ್‌ಟಿಪಿಎಂ ಆನ್ ಇದೆಯಾ ನೋಡು. ಸಿಎಸ್‌ಎಂ (ಹಳೇ ರೀತಿಯಲ್ಲಿ ಶುರುವಾಗುವ ವ್ಯವಸ್ಥೆ) ಆಫ್ ಮಾಡು. ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡು. ಇವನ್ನೆಲ್ಲ ವಿಂಡೋಸ್ ಹಾಕುವ ಮೊದಲೇ ಮಾಡಬೇಕು. ಸಿಎಸ್‌ಎಂ ಆನ್ ಇಟ್ಟು ವಿಂಡೋಸ್ ಹಾಕಿದರೆ ಡಿಸ್ಕ್ ಹಳೇ ಎಂಬಿಆರ್ ರೀತಿಯಲ್ಲಿ ಸಿದ್ಧ ಆಗುವ ಸಾಧ್ಯತೆ ಇದೆ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಲು ಅದನ್ನು ಹೊಸ ಜಿಪಿಟಿ ರೀತಿಗೆ ಬದಲಾಯಿಸುತ್ತಾ ಕೂರಬೇಕಾಗುತ್ತದೆ. ಭಾನುವಾರ ಜೋಡಿಸುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದು ಫೋಟೋ ತೆಗೆದು ಇಲ್ಲೇ ಹಾಕು, ನಾನು ನೋಡುತ್ತಿರುತ್ತೇನೆ.